ದಾರಿಹೋಕರ ಕಿವಿ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಆದರೆ ದೇಶ ಸುತ್ತಿ ಬಂದವನೇ ಒಂದು ಕೋಶ ಬರೆದಿಟ್ಟರೆ ಅದನ್ನು ಹೇಗೆ ಓದಬೇಕೆಂಬುದನ್ನು ಗಾದೆ ಕಟ್ಟಿದ ಹಿರಿಯರು ಹೇಳಿಹೋಗಲಿಲ್ಲ. ಅದಕ್ಕೇ ಇರಬೇಕು, ಪ್ರವಾಸಿಯ ಮಾತೆಂದರೆ ನಮಗೆ ವೇದವಾಕ್ಯ. ಹೋಗಿ ನೋಡಿ ಬಂದವನು ಅವನು. ಊರು ಬಿಟ್ಟು ಕದಲದ ನಾವು ಎದುರು ಮಾತನಾಡುವುದುಂಟೆ!

ಈ ಮಾತೆತ್ತಲು ಕಾರಣವುಂಟು. ಈಚೆಗೆ ನಮ್ಮ ಬಡಾವಣೆಯ ಸಂಘವೊಂದರಲ್ಲಿ ವಿದ್ವಾಂಸರೊಬ್ಬರು ನಾನಾ ದೇಶಗಳ ಜನಪದ ಗೀತೆಗಳ ವಿಷಯವಾಗಿ ಮಾತನಾಡಿದರು. ಒಳ್ಳೆಯ ವಾಗ್ಮಿಗಳು, ಓದಿಕೊಂಡವರು. ಫಿನ್ಲೆಂಡಿನ ಸರದಿ ಬಂದಾಗ ಮೂರು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ದೇಶಕ್ಕೆ ನಡೆದರು. ಆ ನಾಡಿನ ಜನಪದ ಸಂಗೀತವನ್ನು ಮೊತ್ತಮೊದಲು ‘ಕಂಡುಹಿಡಿದವನು’ 1799ರಲ್ಲಿ ಅಲ್ಲಿಗೆ ಹೋದ ಜುಸೆಪ್ಪೆ ಅಚೆರ್ಬಿ ಎಂಬ ಇಟಲಿಯವನಂತೆ. ಇಬ್ಬರು ಹಾಡುಗಾರರು ಎದುರುಬದುರು ಕುಳಿತು ಕೈಗೆ ಕೈ ಬೆಸೆದು ಹಾಡುವುದನ್ನು ಅವನು ಕಣ್ಣಾರೆ ಕಂಡು ಬರೆದಿರುವನಂತೆ. ಆ ಸಂಗೀತವಾದರೋ ಐದು ಸ್ವರ ದಾಟದ, ಹೇಳಿದ್ದನ್ನೇ ಹೇಳುವ ಬಡ ಸಂಗೀತ; ಆ ಜನರ ಪ್ರತಿಭೆಯೆಲ್ಲ ಕಾವ್ಯಕ್ಕೆ ಸಂದುಹೋಯಿತು, ರಾಗಕ್ಕೆ ಏನೂ ಉಳಿಯಲಿಲ್ಲ ಎಂದು ಅವರ ತೀರ್ಮಾನ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮನೆಗೆ ಮರಳುವ ಬಸ್ಸಿನಲ್ಲಿ ಕುಳಿತಮೇಲೆ ಆ ಚಪ್ಪಾಳೆ ಅಂಗೈಯಲ್ಲಿ ಉರಿಯತೊಡಗಿತು.

ಆ ಮಹನೀಯರೊಡನೆ ನನಗೆ ಜಗಳವಿಲ್ಲ. ಮೂರು ಮಾತೂ ಅವರ ಸ್ವಂತದ್ದಲ್ಲ. ಪುಸ್ತಕದಿಂದ ಪುಸ್ತಕಕ್ಕೆ, ಮುನ್ನುಡಿಯಿಂದ ಮುನ್ನುಡಿಗೆ ಕೈ ಬದಲಾಯಿಸುತ್ತ ಸವೆದ ನಾಣ್ಯಗಳು ಅವು. ಸವಕಲು ನಾಣ್ಯ ಕೊಟ್ಟರೆ ಅಂಗಡಿಯ ಶೆಟ್ಟರು ಮಗುಚಿ ನೋಡುತ್ತಾರೆ. ವಿದ್ವತ್ಸಭೆಗಳಲ್ಲಿ ಆ ಮಟ್ಟದ ಎಚ್ಚರವೂ ಇಲ್ಲವಲ್ಲ ಎಂಬುದು ನನ್ನ ಸಂಕಟ.

ಅಚೆರ್ಬಿಯ ಮೇಲಂತೂ ನನಗೆ ಹಗೆಯಿಲ್ಲ, ಮೆಚ್ಚುಗೆಯೇ ಇದೆ. ಮಾಂಟುವಾ ನಗರದ ಬಳಿಯ ಕಾಸ್ಟೆಲ್ ಗೊಫ್ರೆಡೊ ಎಂಬ ಊರಿನಲ್ಲಿ 1773ರಲ್ಲಿ ಹುಟ್ಟಿದ ಸ್ಥಿತಿವಂತರ ಮನೆಯ ಹುಡುಗ ಇಪ್ಪತ್ತೈದರ ಹರೆಯದಲ್ಲಿ ಯೂರೋಪಿನ ಉತ್ತರ ತುದಿಯನ್ನು ಮುಟ್ಟಿಬರುತ್ತೇನೆಂದು ಹೊರಟದ್ದು ಸಾಮಾನ್ಯ ಸಾಹಸವಲ್ಲ. ಜೊತೆಗೆ ಬೆಲ್ಲೊಟ್ಟಿ ಎಂಬ ತನ್ನ ನಾಡಿನ ಗೆಳೆಯ. ಮುಂದೆ ಕೂಡಿಕೊಂಡವನು ಚಿತ್ರ ಬರೆಯಬಲ್ಲ ಸ್ವೀಡನ್ನಿನ ಸೇನಾಧಿಕಾರಿ ಶೋಲ್ಡೆಬ್ರಾಂಡ್. ಹೆಪ್ಪುಗಟ್ಟಿದ ಕಡಲಿನ ಮೇಲೆ ಜಾರುಬಂಡಿ ಹೊಡೆಸಿಕೊಂಡು ಸ್ವೀಡನ್ನಿನಿಂದ ಫಿನ್ಲೆಂಡಿಗೆ ಬಂದರು. ತುರ್ಕು, ವಾಸಾ, ಔಲು, ತೊರ್ನಿಯೊ. ಅಲ್ಲಿಂದ ಲ್ಯಾಪ್‌ಲೆಂಡ್ ಹಾಯ್ದು ನಾರ್ತ್ ಕೇಪ್. 1802ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅವನ ಎರಡು ಸಂಪುಟಗಳು ಹೊರಬಂದವು. ಇನ್ನೊಂದು ಮಾತನ್ನು ಮರೆಯಬಾರದು: ಅವನು ಕ್ಲಾರಿನೆಟ್ ನುಡಿಸುತ್ತಿದ್ದ. ಸ್ವರ ಬರೆದುಕೊಳ್ಳಬಲ್ಲ ಪ್ರವಾಸಿ ಆ ಕಾಲದಲ್ಲಿ ಲಕ್ಷಕ್ಕೊಬ್ಬ. ತನ್ನ ಪುಸ್ತಕದಲ್ಲಿ ಕೆಲವು ಮಟ್ಟುಗಳನ್ನು ಸ್ವರಲಿಪಿಯಲ್ಲೇ ಅಚ್ಚು ಹಾಕಿಸಿದ್ದಾನೆ. ಆ ಪುಟಗಳಿಗೆ ನಾವು ಋಣಿಗಳು.

ಅಂದಮಾತ್ರಕ್ಕೆ ಅವನು ಕಂಡುಹಿಡಿದ ಎನ್ನುವುದೇ? ಮನೆಯವರು ಉಣ್ಣುತ್ತಿರುವಾಗ ಬಾಗಿಲಿಗೆ ಬಂದ ಅತಿಥಿ ಅನ್ನವನ್ನು ಕಂಡುಹಿಡಿದನೆಂದು ಯಾರೂ ಹೇಳುವುದಿಲ್ಲ. ಫಿನ್ನಿಷ್ ಭಾಷೆಗೆ ಬರವಣಿಗೆ ಕೊಟ್ಟ ಬಿಷಪ್ ಮಿಕಾಯೆಲ್ ಅಗ್ರಿಕೊಲ 1551ರಷ್ಟು ಹಿಂದೆಯೇ ಜನ ನಂಬುತ್ತಿದ್ದ ಹಳೆಯ ದೇವತೆಗಳ ಪಟ್ಟಿಯೊಂದನ್ನು ಪದ್ಯದಲ್ಲಿ ಬರೆದಿಟ್ಟ. ಅದರಲ್ಲಿ ಹಾಡುಗಳ ಒಡೆಯ ವೈನಾಮೊಯಿನೆನ್ ಇದ್ದಾನೆ. 1583ರ ಸುಮಾರಿಗೆ ಯಾಕೊ ಫಿನ್ನೊ ಎಂಬ ಪಾದ್ರಿ ಮೊದಲ ಫಿನ್ನಿಷ್ ಭಕ್ತಿಗೀತೆಗಳ ಪುಸ್ತಕ ತಂದಾಗ ಮುನ್ನುಡಿಯಲ್ಲಿ ಒಂದು ದೊಡ್ಡ ದೂರು ಬರೆದ: ಈ ಜನ ಔತಣದಲ್ಲಿ, ಪ್ರಯಾಣದಲ್ಲಿ, ಹೊತ್ತು ಕಳೆಯಲೆಂದು, ಸಂತೋಷಕ್ಕೆಂದು ನಾಚಿಕೆಗೆಟ್ಟ ಹಾಡುಗಳನ್ನು ಹಾಡುತ್ತಾರೆ. ಬೈದವನೇ ಸಾಕ್ಷಿ ನೋಡಿ! ಯಾವಾಗ ಹಾಡುತ್ತಾರೆ, ಎಲ್ಲಿ ಹಾಡುತ್ತಾರೆ, ಯಾಕೆ ಹಾಡುತ್ತಾರೆ ಎಂಬ ಮೂರಕ್ಕೂ ಉತ್ತರ ಈ ಬೈಗುಳದಲ್ಲಿದೆ. ಹೊಗಳಿ ಬರೆದ ಎಷ್ಟೋ ಪ್ರವಾಸಿಗಳಲ್ಲಿ ಅದು ಸಿಕ್ಕುವುದಿಲ್ಲ. ಊರಿನೊಳಗಿನ ವೈರಿಗೆ ಹಾಡಿನ ಮಾತು ಅರ್ಥವಾಗುತ್ತಿತ್ತು; ಅರ್ಥವಾದದ್ದರಿಂದಲೇ ಸಿಟ್ಟು.

ಕೈ ಬೆಸೆದು ಹಾಡುವ ಆ ಪ್ರಸಿದ್ಧ ಚಿತ್ರಕ್ಕೆ ಬರುತ್ತೇನೆ. ಅಚೆರ್ಬಿ ಮತ್ತು ಶೋಲ್ಡೆಬ್ರಾಂಡರ ಪ್ರವಾಸದಿಂದ ಹೊರಟು ಜಗತ್ತೆಲ್ಲ ತಿರುಗಿದ ಚಿತ್ರ ಅದು. ಅದರ ವಿವರಣೆ ಮಾತ್ರ ಆ ಪ್ರವಾಸಕ್ಕಿಂತ ಹಳೆಯದು. ತುರ್ಕುವಿನ ವಿದ್ಯಾಪೀಠದಲ್ಲಿ ಹೆನ್ರಿಕ್ ಗಾಬ್ರಿಯೆಲ್ ಪೋರ್ಥಾನ್ ಎಂಬ ಅಧ್ಯಾಪಕನಿದ್ದ. ಫಿನ್ಲೆಂಡಿನ ಒಳನಾಡಿನಲ್ಲಿ ಹುಟ್ಟಿ ಬೆಳೆದವನು. ಫಿನ್ನಿಷ್ ಕಾವ್ಯವನ್ನು ಕುರಿತು 1766ರಿಂದ 1778ರವರೆಗೆ ಭಾಗ ಭಾಗವಾಗಿ ಲ್ಯಾಟಿನ್ನಿನಲ್ಲಿ ಪ್ರಬಂಧ ಬರೆದ. ಮುಖ್ಯ ಹಾಡುಗಾರ ಒಂದು ಸಾಲು ಎತ್ತುತ್ತಾನೆ. ಸಾಲಿನ ಕೊನೆಗೆ ಜೊತೆಗಾರ ದನಿ ಕೂಡಿಸುತ್ತಾನೆ. ಆಮೇಲೆ ಅದೇ ಸಾಲನ್ನು ಜೊತೆಗಾರ ತಿರುಗಿ ಹೇಳುವಷ್ಟರಲ್ಲಿ ಮೊದಲಿನವನು ಮುಂದಿನ ಸಾಲನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಾನೆ. ಇಬ್ಬರ ಕೈಗಳು ಬೆಸೆದಿರುತ್ತವೆ. ಇಷ್ಟನ್ನೂ ಅಚೆರ್ಬಿ ತುರ್ಕುವಿಗೆ ಕಾಲಿಡುವ ಇಪ್ಪತ್ತು ವರ್ಷ ಮೊದಲೇ ಅಚ್ಚು ಮಾಡಿಟ್ಟದ್ದು ಪೋರ್ಥಾನ್. ಅಚೆರ್ಬಿ ಆ ಪ್ರಬಂಧವನ್ನು ಬಳಸಿಕೊಂಡಿದ್ದಾನೆ, ಅದು ತಪ್ಪಲ್ಲ. ತಪ್ಪು ನಮ್ಮದು. ಊರಿನ ಅಧ್ಯಾಪಕನ ಹೆಸರನ್ನು ಮರೆತು, ಅವನ ಪುಸ್ತಕ ಓದಿದ ಅತಿಥಿಯನ್ನು ಕಣ್ಣಾರೆ ಕಂಡ ಸಾಕ್ಷಿಯೆಂದು ಕಟಕಟೆ ಹತ್ತಿಸಿದೆವು.

ಹಾಗೆ ಹಾಡುತ್ತಲೇ ಇರಲಿಲ್ಲ ಎಂದು ನಾನು ವಾದಿಸುತ್ತಿಲ್ಲ. 1834ರಲ್ಲಿ ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯ ಗಡಿಯಾಚೆಯ ವಿಯೆನ ಕರೇಲಿಯದ ಲಾತ್ವಯಾರ್ವಿ ಎಂಬ ಹಳ್ಳಿಗೆ ಹೋಗಿ ಆರ್ಹಿಪ್ಪ ಪೆರ್ತುನೆನ್ ಎಂಬ ರೈತನ ಬಾಯಿಂದ ಸುಮಾರು ನಾಲ್ಕು ಸಾವಿರ ಸಾಲು ಬರೆದುಕೊಂಡ. ಆ ರೈತ ತನ್ನ ತಂದೆಯ ಕಾಲವನ್ನು ನೆನೆದ: ಹುಡುಗನಾಗಿದ್ದಾಗ ಕೆರೆಯ ದಡದಲ್ಲಿ ಮೀನು ಹಿಡಿಯಲು ಹೋದರೆ, ರಾತ್ರಿ ಬೆಂಕಿಯ ಬಳಿ ತಂದೆಯೂ ಆಳೂ ಕೈ ಹಿಡಿದು ಬೆಳಗಾಗುವವರೆಗೆ ಹಾಡುತ್ತಿದ್ದರು, ಒಂದೇ ಹಾಡು ಎರಡನೆಯ ಸಲ ಬರುತ್ತಿರಲಿಲ್ಲ. ಈ ಮಾತಿಗೆ ನಾನು ತಲೆಬಾಗುತ್ತೇನೆ. ಇದರಲ್ಲಿ ಕೆರೆಯಿದೆ, ಬೆಂಕಿಯಿದೆ, ಹಾಡಿದವರು ಯಾರೆಂಬುದಿದೆ. ಆದರೆ ಇದರಿಂದ ‘ಫಿನ್ನರು ಹೀಗೆ ಹಾಡುತ್ತಾರೆ’ ಎಂಬ ಸಿದ್ಧಾಂತ ಹುಟ್ಟುವುದಿಲ್ಲ. ಒಬ್ಬರೇ ಹಾಡಿಕೊಳ್ಳುವವರಿದ್ದರು. ಇಂಗ್ರಿಯದ ಹೆಂಗಸರಲ್ಲಿ ಒಬ್ಬಳು ಎತ್ತಿಕೊಡುವುದು, ಉಳಿದವರೆಲ್ಲ ಕೂಡಿ ಸೊಲ್ಲು ಹಿಡಿಯುವುದು. ಮೂಲದಲ್ಲಿ ಎಷ್ಟು ನಿಜ ಎಂದು ಜರಡಿ ಹಿಡಿಯುವುದಕ್ಕೆ ಎಲ್ಸಾ ಎನಾಯಾರ್ವಿ-ಹಾವಿಯೊ ಎಂಬ ವಿದುಷಿ 1949ರಲ್ಲಿ ಹಾಡುವ ರೀತಿಗಳ ಮೇಲೆಯೇ ಒಂದು ಗ್ರಂಥ ಬರೆಯಬೇಕಾಯಿತು. ಅಷ್ಟರಲ್ಲಿ ಚಿತ್ರ ಗೆದ್ದುಬಿಟ್ಟಿತ್ತು. ‘ಕಾಲೆವಾಲ’ದ ಆರಂಭದಲ್ಲೇ ಕೈ ಬೆಸೆಯುವ ಮಾತು ಬಂದಮೇಲೆ ಅದು ರಾಷ್ಟ್ರದ ಚಿತ್ರವಾಯಿತು. 1894ರಲ್ಲಿ ಇನ್‌ಹಾ ಎಂಬ ಛಾಯಾಗ್ರಾಹಕ ಕರೇಲಿಯಕ್ಕೆ ಹೋಗಿ ಇಬ್ಬರು ಸೋದರರು ಕೈ ಹಿಡಿದು ಹಾಡುವ ಫೋಟೋ ತೆಗೆದುಕೊಂಡು ಬಂದ. ಅವರು ಕುಳಿತಿದ್ದುದೇ ಹಾಗೋ, ಕ್ಯಾಮರಾದವನ ತಲೆಯೊಳಗಿನ ಹಳೆಯ ಚಿತ್ರ ಅವರನ್ನು ಹಾಗೆ ಕೂರಿಸಿತೋ? ನನಗಂತೂ ಎರಡನೆಯದರ ಮೇಲೆಯೇ ಅನುಮಾನ.

ಇನ್ನು ದಾರಿಯ ಮಾತು. ಪ್ರವಾಸಿ ಏನು ಕೇಳಿದ ಎಂದು ತಿಳಿಯಬೇಕಾದರೆ ಮೊದಲು ಅವನ ಬಂಡಿ ಯಾವ ರಸ್ತೆಯಲ್ಲಿ ಹೋಯಿತೆಂದು ನೋಡಬೇಕು. ತುರ್ಕುವಿನಿಂದ ಔಲುವಿಗೆ, ಅಲ್ಲಿಂದ ತೊರ್ನಿಯೊಗೆ ಹೋಗುವವರಿಗೆ ಆಗ ಇದ್ದುದು ಪಶ್ಚಿಮದ ಕಡೆಯ ಅಂಚೆ ರಸ್ತೆ. ಕುದುರೆ ಬದಲಾಯಿಸುವ ಠಾಣೆ, ಪಾದ್ರಿಯ ಮನೆ, ಔಷಧದಂಗಡಿಯವನ ಅತಿಥ್ಯ, ಪೇಟೆಯ ಗಣ್ಯರ ಊಟದ ಮೇಜು. ಆ ಸೀಮೆಯಲ್ಲಿ ಇಗರ್ಜಿಯ ಕೀರ್ತನೆ, ಮದುವೆಮನೆಯ ಪಿಟೀಲು, ಸ್ವೀಡನ್ನಿನ ಕಡೆಯಿಂದ ಬಂದ ಕುಣಿತದ ಮಟ್ಟುಗಳು ನೆಲೆಯೂರಿ ಬಹಳ ಕಾಲವಾಗಿತ್ತು. ಹಳೆಯ ರೂನೊ ಹಾಡುಗಳು ಜೀವಂತವಾಗಿ ಉಳಿದಿದ್ದುದು ಪೂರ್ವದಲ್ಲಿ: ಸಾವೊ, ಕರೇಲಿಯ, ಗಡಿಯಾಚೆಯ ವಿಯೆನ, ದಕ್ಷಿಣದ ಇಂಗ್ರಿಯ. ಅಲ್ಲಿಗೆ ಅಂಚೆ ಕುದುರೆ ಹೋಗುತ್ತಿರಲಿಲ್ಲ, ಪ್ರವಾಸಿಯೂ ಹೋಗಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋದವನು ಕೊಳ್ಳೇಗಾಲದ ನೀಲಗಾರರ ಹಾಡಿನ ಮೇಲೆ ತೀರ್ಪು ಕೊಟ್ಟಂತಾಯಿತು ಅಷ್ಟೆ.

ಪಶ್ಚಿಮದ ಅದೇ ಕರಾವಳಿಯಲ್ಲಿ ಉಸಿಕಾರ್ಲೆಪ್ಯು ಎಂಬ ಒಂದು ಸಣ್ಣ ಪೇಟೆ. ಅಲ್ಲಿ ಜಕ್ರಿಸ್ ಟೊಪೇಲಿಯುಸ್ ಎಂಬ ವೈದ್ಯನಿದ್ದ. ಮಕ್ಕಳ ಕತೆಗಳಿಂದ ಹೆಸರಾದ ಟೊಪೇಲಿಯುಸನ ತಂದೆ ಇವನು. 1821ರ ಸುಮಾರಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ; 1831ರಲ್ಲಿ ತೀರಿಕೊಳ್ಳುವವರೆಗೂ ಏಳಲಿಲ್ಲ. ಗಡಿಯಾಚೆಯ ಕರೇಲಿಯದಿಂದ ಗಂಟು ಹೊತ್ತು ಬಟ್ಟೆಬರೆ ಮಾರುತ್ತ ಬರುವ ವ್ಯಾಪಾರಿಗಳನ್ನು ಅವನು ಮನೆಗೆ ಕರೆಸಿ, ಹಾಸಿಗೆಯ ಬಳಿ ಕೂರಿಸಿಕೊಂಡು ಹಾಡಿಸಿ, ಬರೆದುಕೊಂಡ. 1822ರಿಂದ ಐದು ಕಿರುಪುಸ್ತಕಗಳಾಗಿ ಆ ಹಾಡುಗಳು ಅಚ್ಚಾದವು. ಹಳೆಯ ಹಾಡು ಇನ್ನೂ ಬದುಕಿರುವುದು ಗಡಿಯಾಚೆಗೆ ಎಂದು ಬೆರಳು ತೋರಿದವನು ಅವನೇ. ಆ ಬೆರಳಿನ ದಿಕ್ಕಿನಲ್ಲಿ ನಡೆದೇ ಲೋನ್‌ರೋಟ್ ಆರ್ಹಿಪ್ಪನ ಮನೆ ಮುಟ್ಟಿದ್ದು. ಸಾವಿರಾರು ಮೈಲಿ ಸುತ್ತಿದವರ ಕಿವಿಗೆ ಬೀಳದ್ದು ಮಗ್ಗುಲು ಬದಲಿಸಲಾರದವನ ಕಿವಿಗೆ ಬಿತ್ತು. ದೇಶ ಸುತ್ತುವ ಗಾದೆಯನ್ನು ನಮ್ಮ ವಿದ್ವಾಂಸರು ಟೊಪೇಲಿಯುಸನ ಮುಂದೆ ಹೇಳಿ ನೋಡಲಿ!

ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ‘ಬಡ ಸಂಗೀತ’ವೆಂಬ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಗೀತ ಬಲ್ಲ ಓದುಗರು ಮನ್ನಿಸಬೇಕು. ಕಾಂತೆಲೆ ಎಂಬುದು ಒಂದೇ ಮರದ ತುಂಡನ್ನು ಕೊರೆದು ಮಾಡಿದ, ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಮೀಟುವ ಪುಟ್ಟ ವಾದ್ಯ. ಹಳೆಯದಕ್ಕೆ ಐದು ತಂತಿ. ಐದು ಸ್ವರ ಎಂದ ಕೂಡಲೆ ನಮ್ಮವರು ಮೋಹನವೋ ಹಿಂದೋಳವೋ ಎಂದು ತಿಳಿದುಬಿಡುತ್ತಾರೆ. ಹಾಗಲ್ಲ. ನಡುವೆ ಯಾವುದನ್ನೂ ಬಿಡದೆ ಸರಿಗಮಪ ಎಂಬ ಐದು ಮೆಟ್ಟಿಲು, ಅದರಾಚೆ ಇಲ್ಲ. ಅದರಲ್ಲೂ ಗಾಂಧಾರವನ್ನು ಹಳೆಯ ವಾದಕರು ಅಂತರವೂ ಅಲ್ಲದ ಸಾಧಾರಣವೂ ಅಲ್ಲದ ನಡುವಿನ ಜಾಗದಲ್ಲಿ ನಿಲ್ಲಿಸುವುದುಂಟು. ಅದು ಯೂರೋಪಿನ ಸ್ವರಲಿಪಿಯ ಐದು ಗೆರೆಗಳಲ್ಲಿ ಕೂರುವುದಿಲ್ಲ. ಬರೆಯುವವನು ಅದನ್ನು ಒತ್ತಿ ಈ ಕಡೆಗೋ ಆ ಕಡೆಗೋ ದೂಡುತ್ತಾನೆ. ಆಮೇಲೆ ಓದುವವನು ‘ಏನಿದೆ ಇದರಲ್ಲಿ?’ ಎನ್ನುತ್ತಾನೆ.

ಹಾಡಿನ ಸಾಲಿಗೆ ಎಂಟು ಅಕ್ಷರ. ಅದನ್ನು ಬಹಳ ಕಡೆ ಐದು ಎಣಿಕೆಯಲ್ಲಿ ಹಾಡುತ್ತಾರೆ: ಮೊದಲ ಆರು ಅಕ್ಷರ ಅರ್ಧ ಅರ್ಧ ಎಣಿಕೆಯಂತೆ ಮೂರರಲ್ಲಿ ಸರಿದುಹೋಗುತ್ತವೆ, ಕೊನೆಯ ಎರಡು ಒಂದೊಂದು ಎಣಿಕೆ ನಿಂತು ಉಸಿರು ಬಿಡುತ್ತವೆ. ಎರಡು ಸಾಲಿಗೆ ಒಂದು ಮಟ್ಟು. ಆ ಮಟ್ಟಿನ ಮೇಲೆ ಮುನ್ನೂರು ಸಾಲು ನಡೆಯುತ್ತವೆ. ಮಾತು ತಿಳಿಯದವನಿಗೆ ಇದು ಒಂದೇ ಸಾಲನ್ನು ಮುನ್ನೂರು ಸಲ ಕೇಳಿದ ಹಾಗೆ. ತಿಳಿದವನಿಗೆ ಮಟ್ಟು ಕಾಲುದಾರಿ. ಅವನ ಗಮನ ದಾರಿಯ ಮೇಲಿಲ್ಲ, ದಾರಿಯಲ್ಲಿ ಬರುತ್ತಿರುವವರ ಮೇಲೆ. ಅದೇ ಅಕ್ಷರದಿಂದ ಮೊದಲಾಗುವ ಮಾತುಗಳು ಒಂದರ ಬೆನ್ನಿಗೊಂದು ಬಂದು ತಾಗುವ ಸುಖ, ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಹೇಳಿ ಮೆಲ್ಲಗೆ ಮುಂದಕ್ಕೆ ಜರುಗಿಸುವ ಸುಖ, ಇವೆಲ್ಲ ಭಾಷೆಯೊಳಗಿನವು. ಇಟಲಿಯ ಒಪೆರಾ ಕೇಳಿ ಬೆಳೆದ ಕಿವಿ ರಾಗದ ಮೇಳೈಕೆಗೆ ಕಾದು ಕುಳಿತಿತ್ತು. ಬಂದದ್ದು ಮಾತಿನ ಮೆರವಣಿಗೆ. ಬಂದದ್ದನ್ನು ಕಾಣದೆ ಬಾರದ್ದಕ್ಕೆ ಪೇಚಾಡಿದರೆ ತಪ್ಪು ಯಾರದು? ಬೀಸುಕಲ್ಲಿನ ಮುಂದೆ ಕುಳಿತ ನಮ್ಮ ಅಜ್ಜಿಯರ ಹಾಡಿನಲ್ಲಿ ನೆರವಲ್ ಇಲ್ಲ, ಸ್ವರಪ್ರಸ್ತಾರ ಇಲ್ಲ ಎಂದು ಯಾವ ವಿಮರ್ಶಕ ಬರೆದಾನು?

ಬೀಸುಕಲ್ಲಿನ ಮಾತು ಸುಮ್ಮನೆ ಬರಲಿಲ್ಲ. ಹಿಟ್ಟು ಬೀಸುವಾಗ ಹೆಂಗಸರು ಹಾಡುವ ಹಾಡುಗಳು ಫಿನ್ಲೆಂಡಿನಲ್ಲೂ ಇದ್ದವು. ಪೋರ್ಥಾನ್ ಅವುಗಳನ್ನು ಹೆಸರಿಟ್ಟು ಹೇಳುತ್ತಾನೆ. ಹಬ್ಬದ ದಿನ ಗಂಡಸರು ಕೈ ಬೆಸೆದು ಕುಳಿತರೆ ಹೊರಗಿನವನು ಹೋಗಿ ನಿಂತು ನೋಡಬಹುದು. ನಸುಕಿನಲ್ಲಿ ಬೀಸುಕಲ್ಲಿನ ಕೋಣೆಗೆ ಅವನನ್ನು ಕರೆಯುವವರು ಯಾರು? ಹೀಗಾಗಿ ಪ್ರವಾಸಿಗರ ಪುಸ್ತಕಗಳಲ್ಲಿ ಫಿನ್ನಿಷ್ ಹಾಡು ಗಡ್ಡದ ಮುದುಕರ ಸೊತ್ತಾಯಿತು. ಇಂಗ್ರಿಯದ ಲಾರಿನ್ ಪರಾಸ್ಕೆ ಎಂಬ ಬಡ ಹೆಂಗಸಿನ ಬಾಯಿಂದ ನಿಯೋವಿಯುಸ್ ಎಂಬ ಪಾದ್ರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಾಲು ಬರೆದುಕೊಂಡ. ಆಕೆಯ ಹಾಡು ಕೇಳಲು ತರುಣ ಸಿಬೇಲಿಯುಸ್ ಪೊರ್ವೊ ಪಟ್ಟಣಕ್ಕೆ ಹೋದ. ಮಗ್ಗುಲಲ್ಲಿ ಮಾತಿನ ಅರ್ಥ ಹೇಳುವವರನ್ನು ಬೇಡದ, ಆ ನಾಡಿನದೇ ಕಿವಿ ಅದು. ಅಂತಹ ಸಂಗೀತಗಾರನಿಗೆ ಅದು ಬಡ ಸಂಗೀತವೆಂದು ತೋರಲಿಲ್ಲ.

ಪ್ರತಿಭೆಯ ಮಾತು ಬಂತಲ್ಲ. ಒಂದು ವಿನೋದ ಹೇಳುತ್ತೇನೆ. ಕ್ಲಾರಿನೆಟ್ ಹಿಡಿದು ಅಚೆರ್ಬಿ ಉತ್ತರಕ್ಕೆ ಬರುವ ಹೊತ್ತಿಗೆ, ಫಿನ್ಲೆಂಡಿನ ಉಸಿಕೌಪುಂಕಿ ಎಂಬ ಊರಿನ ಬಡ ಬುಕ್‌ಬೈಂಡರನ ಮಗ ಬರ್ನ್‌ಹಾರ್ಡ್ ಕ್ರುಸೆಲ್ ಸ್ಟಾಕ್‌ಹೋಮಿನ ರಾಜವಾದ್ಯಮೇಳದಲ್ಲಿ ಮುಖ್ಯ ಕ್ಲಾರಿನೆಟ್ ವಾದಕನಾಗಿ ಐದಾರು ವರ್ಷ ಕಳೆದಿತ್ತು. ಅವನ ಕೃತಿಗಳನ್ನು ಲೋಕದ ಕ್ಲಾರಿನೆಟ್ ವಾದಕರು ಇಂದಿಗೂ ನುಡಿಸುತ್ತಾರೆ. ಅಚೆರ್ಬಿಯ ಕ್ಲಾರಿನೆಟ್ಟನ್ನು ನೆನೆಯುವುದು ಅವನ ಪ್ರವಾಸದ ಪುಟಗಳಿಂ‍ದ.

ಉತ್ತರಕ್ಕೆ ಹೋದಂತೆಲ್ಲ ಈ ಕಿವಿಯ ಬಡತನ ಹೆಚ್ಚುತ್ತದೆ. ಸಾಮಿ ಜನ ಫಿನ್ನರಿಗಿಂತ ಬೇರೆಯವರು. ಹಳೆಯ ಪುಸ್ತಕಗಳಲ್ಲಿ ಇಬ್ಬರೂ ಕಲಸಿಹೋಗಿರುವುದರಿಂದ ಹೇಳಬೇಕಾಯಿತು. ನಾರ್ವೆಯವರ ಹಳೆಯ ಮಾತಿನಲ್ಲಿ ‘ಫಿನ್’ ಎಂದರೆ ಸಾಮಿ ಎಂದೇ ಅರ್ಥ. ಸಾಮಿ ಜನರ ಯೊಯ್ಕ್ ಎಂಬ ಗಾನವನ್ನು ಕೇಳಿ ಅಚೆರ್ಬಿ ಅದು ಸಂಗೀತವೆಂಬ ಹೆಸರಿಗೇ ತಕ್ಕದ್ದಲ್ಲ, ಬರೀ ಕರ್ಕಶವಾದ ಕೂಗು ಎಂಬ ಧಾಟಿಯಲ್ಲಿ ಬರೆದ. ಆ ಜನರ ನಂಬಿಕೆಯಲ್ಲಿ ಯೊಯ್ಕ್ ಒಬ್ಬ ಮನುಷ್ಯನ ‘ಬಗ್ಗೆ’ ಹಾಡುವ ಹಾಡಲ್ಲ. ಆ ಮನುಷ್ಯನನ್ನೇ ದನಿಯಲ್ಲಿ ಕರೆದು ನಿಲ್ಲಿಸುವ ಬಗೆ. ಅದರಲ್ಲಿ ಅರ್ಥವುಳ್ಳ ಮಾತು ಕಡಿಮೆ ಇರಬಹುದು, ಮಾತೇ ಇಲ್ಲದೆಯೂ ಇರಬಹುದು. ಫಿನ್ನರಲ್ಲಿ ಮಾತು ತಿಳಿಯದೆ ಸೋತ ಕಿವಿ, ಇಲ್ಲಿ ಮಾತಿಲ್ಲವೆಂದು ಸೋತಿತು. ಇದಕ್ಕೆ ನೂರಿಪ್ಪತ್ತೈದು ವರ್ಷ ಹಿಂದೆ, 1673ರಲ್ಲಿ, ಉಪ್ಸಾಲದ ಪ್ರಾಧ್ಯಾಪಕ ಶೆಫೆರುಸ್ ಲ್ಯಾಪ್‌ಲೆಂಡನ್ನು ಕುರಿತು ಲ್ಯಾಟಿನ್ ಗ್ರಂಥ ಬರೆದಾಗ ಏನು ಮಾಡಿದ ನೋಡಿ. ತನ್ನ ಬಳಿಯೇ ಓದುತ್ತಿದ್ದ ಓಲಾವುಸ್ ಸಿರ್ಮ ಎಂಬ ಸಾಮಿ ವಿದ್ಯಾರ್ಥಿಯನ್ನು ಕೇಳಿ ಎರಡು ಪ್ರೇಮಗೀತೆಗಳನ್ನು ಅವನ ನುಡಿಯಲ್ಲೇ ಬರೆಸಿ, ಕೊಟ್ಟವನ ಹೆಸರು ಹೇಳಿ ಅಚ್ಚು ಹಾಕಿಸಿದ. ಆ ಗೀತೆಗಳು ಇಂಗ್ಲೆಂಡಿಗೆ ಹೋದವು, ಜರ್ಮನಿಯ ಹೆರ್ಡರನ ಸಂಗ್ರಹಕ್ಕೆ ಸೇರಿದವು. ಕುಳಿತಲ್ಲಿಂದ ಏಳದೆ, ಬಲ್ಲವನೊಬ್ಬನನ್ನು ಕೇಳಿ ಪಡೆದ ಎರಡೇ ಹಾಡು ಅವು.

ಕಾವ್ಯಪ್ರಿಯರು ಇಲ್ಲಿ ಗಯಟೆಯ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬಹುದು. ನಲ್ಲನನ್ನು ನೆನೆದು ಹೆಣ್ಣೊಬ್ಬಳು ಹಾಡುವ ಫಿನ್ನಿಷ್ ಹಾಡೊಂದು ಈ ಪ್ರವಾಸಿಗರ ಕೈಗೆ ಸಿಕ್ಕಿತು. ಶೋಲ್ಡೆಬ್ರಾಂಡನ ಫ್ರೆಂಚ್ ಪುಸ್ತಕದಲ್ಲಿದ್ದ ಅನುವಾದದಿಂದ ಗಯಟೆ 1810ರಲ್ಲಿ ಅದನ್ನು ಜರ್ಮನ್ನಿಗೆ ತಂದ. ಮುಂದೆ ಅದು ನೂರಾರು ಭಾಷೆಗಳಿಗೆ ಅನುವಾದವಾಯಿತು. ಸಂತೋಷ. ಪ್ರವಾಸಿಗರು ಇಲ್ಲದಿದ್ದರೆ ಗಯಟೆಗೆ ಆ ಹಾಡು ಎಲ್ಲಿ ಸಿಕ್ಕುತ್ತಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ, ಒಪ್ಪಿದೆ. ಆದರೆ ಗಯಟೆಗೆ ತಲುಪಿದ್ದು ಹಾಡಲ್ಲ, ಹಾಡಿನಿಂದ ದನಿಯನ್ನು ಹಿಂಡಿ ತೆಗೆದ ಮೇಲೆ ಉಳಿದ ಪದ್ಯ. ‘ಪ್ರತಿಭೆ ಕಾವ್ಯಕ್ಕೆ ಹೋಯಿತು, ರಾಗಕ್ಕೆ ಉಳಿಯಲಿಲ್ಲ’ ಎಂಬ ತೀರ್ಪಿನ ಬೇರು ಇಲ್ಲಿದೆ. ದಾರಿಯಲ್ಲಿ ರಾಗವನ್ನು ಉದುರಿಸಿ ಬಂದವರು ರಾಗವೇ ಇರಲಿಲ್ಲ ಎಂದರು.

ಪರದೇಶದವರನ್ನೇ ದೂರಿದರೆ ನ್ಯಾಯವಾಗುವುದಿಲ್ಲ. ಊರಿನವರೂ ಇದೇ ಮಾಡಿದರು. ಲೋನ್‌ರೋಟ್ ಸ್ವತಃ ಕಾಂತೆಲೆ ನುಡಿಸುತ್ತಿದ್ದವನು. ಆದರೂ 1835ರಲ್ಲಿ, ಮತ್ತೆ ಹಿಗ್ಗಿಸಿ 1849ರಲ್ಲಿ ಅವನು ತಂದ ಕಾಲೆವಾಲದ 22,795 ಸಾಲುಗಳು ಓದುವ ಪುಸ್ತಕವಾಗಿಯೇ ಜಗತ್ತಿಗೆ ಪರಿಚಯವಾದವು. ಮಟ್ಟುಗಳ ಬೆನ್ನು ಹತ್ತಿದವರು ತಡವಾಗಿ ಬಂದರು: 1877ರಲ್ಲಿ ಬೊರೇನಿಯುಸ್ ವಿಯೆನದಲ್ಲಿ ಮಟ್ಟು ಬರೆದುಕೊಂಡ, ಆರ್ಮಾಸ್ ಲೌನಿಸ್ 1910ರಲ್ಲಿ ಇಂಗ್ರಿಯದ, 1930ರಲ್ಲಿ ಕರೇಲಿಯದ ಮಟ್ಟುಗಳನ್ನು ಅಚ್ಚು ಮಾಡಿಸಿದ, ವೈಸಾನೆನ್ ಫೋನೊಗ್ರಾಫ್ ಹೊತ್ತು ಹಳ್ಳಿ ಅಲೆದು 1928ರಲ್ಲಿ ಕಾಂತೆಲೆಯ ಮಟ್ಟುಗಳ ಸಂಪುಟ ತಂದ. ಮುದುಕ ವಾದಕರು ಐದಾರು ಸ್ವರಗಳ ಒಂದು ಎಳೆಯನ್ನೇ ಹಿಡಿದು, ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟು ಬದಲಿಸುತ್ತ, ಮೈಮರೆತು ಕುಳಿತಿರುವುದನ್ನು ಅವನು ಕಂಡ. ಅಚೆರ್ಬಿಗೂ ಇವನಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷ. ಅಷ್ಟರಲ್ಲಿ ಸುಮ್ಮನಾದ ಬೆರಳುಗಳ ಲೆಕ್ಕ ಯಾರಲ್ಲೂ ಇಲ್ಲ. ಹೆಲ್ಸಿಂಕಿಯ ಸಿಬೇಲಿಯುಸ್ ಅಕಾಡೆಮಿಯಲ್ಲಿ 1983ರಿಂದ ಜನಪದ ಸಂಗೀತಕ್ಕೇ ಒಂದು ವಿಭಾಗವಿದೆ. ಮೂವತ್ತಕ್ಕೂ ಹೆಚ್ಚು ತಂತಿಯ ಕಾಂತೆಲೆಗಳು ಬಂದಿದ್ದರೂ ಅಲ್ಲಿಯ ವಿದ್ಯಾರ್ಥಿಗಳು ಐದು ತಂತಿಯದನ್ನು ಮತ್ತೆ ಕಲಿಯುತ್ತಿದ್ದಾರೆ. ಬಡ ವಾದ್ಯವೆಂದು ಯಾರಾದರೂ ಅವರ ಮುಂದೆ ಹೇಳಿದರೆ ಮರ್ಯಾದೆಯಿಂದ ಬಾಗಿಲು ತೋರಿಸಿಯಾರು.

ಈ ದೂರದ ದೇಶದ ಹಳೆಯ ಪುಸ್ತಕಗಳಿಂದ ನಮಗೇನು ಎಂದು ಕೇಳುವವರಿದ್ದಾರೆ. ಅವರಿಗಾಗಿ ಒಂದು ಸಂಗತಿ. ಅಚೆರ್ಬಿ ಬಂದಿಳಿದ, ಪೋರ್ಥಾನ್ ಪಾಠ ಹೇಳಿದ ಅದೇ ತುರ್ಕು ನಗರದ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಲೌರಿ ಹೊಂಕೊ ನಮ್ಮ ದಕ್ಷಿಣ ಕನ್ನಡಕ್ಕೆ ಪ್ರವಾಸಿಯಾಗಿ ಬಂದರು. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ತುಳುವಿನಲ್ಲಿ ಹಾಡುವ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಕುಳಿತು ಪೂರ್ತಿಯಾಗಿ ಧ್ವನಿಮುದ್ರಿಸಿಕೊಂಡರು. ಹೊಂಕೊ ಅವರಿಗೆ ತುಳು ಮನೆಮಾತಲ್ಲ. ಅದನ್ನವರು ಮುಚ್ಚಿಡಲೂ ಇಲ್ಲ. ಪತ್ನಿ ಅನ್ನೆಲಿ ಹೊಂಕೊ ಅವರೊಡನೆ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದು ಸಾಲು ಸಾಲು ಕೇಳಿ, ಬರೆದು, ಅನುವಾದಿಸಿದರು. ಗದ್ದೆಯಲ್ಲಿ ಹಾಡುವುದು ಹೇಗೆ, ಸಿರಿ ಜಾತ್ರೆಯಲ್ಲಿ ಹೇಗೆ, ಸಂಶೋಧಕನ ಮುಂದೆ ಕುಳಿತು ಹಾಡಿದಾಗ ಏನು ಬದಲಾಗುತ್ತದೆ ಎಂಬುದನ್ನೆಲ್ಲ ಹೊಂಕೊ ಬೇರೆಯೇ ಒಂದು ದಪ್ಪ ಗ್ರಂಥದಲ್ಲಿ ಚರ್ಚಿಸಿದರು. ಹಾಡಿದ್ದು 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು.

ನಮ್ಮ ಸಂಘದ ವಿದ್ವಾಂಸರಿಗೆ ಎರಡು ಪುಸ್ತಕಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಬೇಕೆಂದು ನನಗೆ ಆಸೆ. ಒಂದರಿಂದ ಹೊರಟ ಚಿತ್ರದಲ್ಲಿ ಕೈ ಬೆಸೆದು ಕುಳಿತ ಇಬ್ಬರಿದ್ದಾರೆ. ಅವರ ಕೆಳಗೆ ಹೆಸರಿಲ್ಲ. ಇನ್ನೊಂದರ ಮುಖಪುಟದಲ್ಲಿ, ಕೃತಿಯ ಶೀರ್ಷಿಕೆಯೊಳಗೇ, ಹಾಡಿದವರು ಗೋಪಾಲ ನಾಯ್ಕ ಎಂದಿದೆ.